ಥೊರೊಂಗ್ ಲಾ ದಾಟುವ ದಿನ: ಹತ್ತುವುದಕ್ಕಿಂತ ಜಾಸ್ತಿ ಇಳಿಯುವುದಕ್ಕೆ ತಯಾರಾಗಿ

ನೇಪಾಳದ ಅನ್ನಪೂರ್ಣ ಬೆಟ್ಟಗಳನ್ನು ಸುತ್ತುವ ಚಾರಣ ಅನ್ನಪೂರ್ಣ ಸರ್ಕ್ಯೂಟ್ ಮುಗಿಸಿ ಬಂದವರನ್ನು ಯಾರನ್ನೇ ಕೇಳಿ, ಆ ದಾರಿಯಲ್ಲಿ ಬೆಟ್ಟಸಾಲು ದಾಟುವ ಪಾಸ್ ಆದ ಥೊರೊಂಗ್ ಲಾ ತುದಿಯಲ್ಲಿ ಬಣ್ಣದ ಬಾವುಟಗಳ ಮುಂದೆ ನಿಂತ ಫೋಟೊ ತೋರಿಸುತ್ತಾರೆ. ಅಲ್ಲಿಂದ ಮುಕ್ತಿನಾಥಕ್ಕೆ ಇಳಿದ ಫೋಟೊ ಹೆಚ್ಚಿನವರ ಹತ್ತಿರ ಇರುವುದಿಲ್ಲ. ಆ ಹೊತ್ತಿಗೆ ಫೋನ್ ತೆಗೆಯುವ ಮನಸ್ಸೂ ಇರುವುದಿಲ್ಲ, ಮಂಡಿ ಬಿಟ್ಟು ಬೇರೆ ಯೋಚನೆಯೂ ಇರುವುದಿಲ್ಲ.

ಲೆಕ್ಕ ನೋಡಿ. ನೇಪಾಳದ ಈ ದಾರಿಯಲ್ಲಿ ಥೊರೊಂಗ್ ಲಾ ಪಾಸ್ 5416 ಮೀಟರ್ ಎತ್ತರದಲ್ಲಿದೆ. ಬೆಳಗಿನ ಜಾವ ನೀವು ಹೊರಡುವ ಥೊರೊಂಗ್ ಫೇದಿ ಸುಮಾರು 4500 ಮೀಟರ್. ಸಂಜೆ ಮುಟ್ಟುವ ಮುಕ್ತಿನಾಥ ಸುಮಾರು 3800. ಅಂದರೆ ಹತ್ತುವುದು 900 ಮೀಟರ್, ಇಳಿಯುವುದು 1600. ಇಡೀ ದಾರಿ 15 ಕಿಲೋಮೀಟರ್‌ನ ಆಸುಪಾಸು, ಏಳರಿಂದ ಹತ್ತು ಗಂಟೆಯ ಕೆಲಸ. ಆದರೂ ಹೊರಡುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಹತ್ತೋಕೆ ಆಗುತ್ತಾ?" ಹತ್ತಲು ಬಹಳ ಜನಕ್ಕೆ ಆಗುತ್ತದೆ. ಹತ್ತಿದ ಮೇಲೆ ಕಾಲಲ್ಲಿ ಏನು ಉಳಿದಿರುತ್ತದೆ ಅನ್ನುವುದೇ ಆ ದಿನದ ನಿಜವಾದ ಪ್ರಶ್ನೆ.

ಊರಲ್ಲೇ ಮಾಡಬೇಕಾದ್ದು

ಕುಮಾರ ಪರ್ವತದ ತುದಿ 1712 ಮೀಟರ್. ಅಲ್ಲಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿದಿದ್ದರೆ ಥೊರೊಂಗ್ ಲಾದ ಇಳಿತ ಎಷ್ಟು ಅನ್ನುವುದು ನಿಮ್ಮ ತೊಡೆಗೆ ಗೊತ್ತಿದೆ. ಹೆಚ್ಚುಕಡಿಮೆ ಅಷ್ಟೇ. ಗಿರಿಗದ್ದೆ ದಾಟಿ ಕಾಡೊಳಗೆ ಇಳಿಯುವಾಗ ಕಾಲು ನಡುಗುತ್ತದಲ್ಲ, ಅದೇ ನಡುಕ ಇಲ್ಲಿ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿ, ಸಡಿಲ ಕಲ್ಲಿನ ಮೇಲೆ ಬರುತ್ತದೆ.

ಜಿಮ್‌ನಲ್ಲಿ ಟ್ರೆಡ್‌ಮಿಲ್ ಓಡಿದರೆ ದಮ್ಮು ಬೆಳೆಯುತ್ತದೆ, ಆದರೆ ಇಳಿಯುವ ಕಾಲು ತಯಾರಾಗುವುದಿಲ್ಲ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ಹೊರಬೇಕು. ಮರುದಿನ ಕೂರಲೂ ಆಗದ ನೋವು ಬರುವುದು ಅದರಿಂದಲೇ. ಒಂದು ಒಳ್ಳೆಯ ಸಂಗತಿಯೂ ಇದೆ. ಒಮ್ಮೆ ಚೆನ್ನಾಗಿ ಇಳಿದು ನೋವು ಅನುಭವಿಸಿದರೆ, ಮುಂದಿನ ಕೆಲವು ವಾರ ಅದೇ ಸ್ನಾಯು ಅಷ್ಟು ನೋಯುವುದಿಲ್ಲ. ಹಾಗಾಗಿ ಹೊರಡುವ ಎರಡು ಮೂರು ವಾರ ಮೊದಲು ಒಂದು ದೊಡ್ಡ ಇಳಿತ ಮಾಡಿ. ಕುಮಾರ ಪರ್ವತಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ವರ್ಷವಿಡೀ ತೆರೆದಿರುವುದೂ ಇಲ್ಲ. ಆಗದಿದ್ದರೆ ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಬೆನ್ನ ಮೇಲೆ ಬ್ಯಾಗ್ ಹಾಕಿಕೊಂಡು ಎರಡು ಮೂರು ಸಲ ಹತ್ತಿಳಿಯಿರಿ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಲಿಫ್ಟಿನಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿಯಿರಿ. ಎಲ್ಲರೂ ಮಾಡುವುದಕ್ಕೆ ಉಲ್ಟಾ, ಅಲ್ವಾ? ಆದರೆ ಕೆಲಸಕ್ಕೆ ಬರುತ್ತದೆ.

ಊರಲ್ಲೇ ಮುಗಿಸಬೇಕಾದ ಇನ್ನೊಂದು ಕೆಲಸ ಇನ್ಶೂರೆನ್ಸ್. ಪಾಲಿಸಿಯಲ್ಲಿ ಎಷ್ಟು ಮೀಟರ್ ಎತ್ತರದ ತನಕ ಅನ್ನುವ ಸಾಲನ್ನು ಹುಡುಕಿ ಓದಿ. 5416ಕ್ಕಿಂತ ಕಡಿಮೆ ಇದ್ದರೆ ಆ ಪಾಲಿಸಿ ಈ ದಿನಕ್ಕೆ ಉಪಯೋಗವಿಲ್ಲ. ಹೆಲಿಕಾಪ್ಟರ್‌ನಲ್ಲಿ ಕರೆತರುವ ಖರ್ಚು ಸೇರಿದೆಯೇ ಅಂತಲೂ ನೋಡಿ.

ಮನಾಂಗ್ ತನಕ ಆತುರ ಬೇಡ

ಈಗ ಜೀಪು ಪಾಸ್‌ಗೆ ಮೊದಲು ಸಿಗುವ ಮನಾಂಗ್ ಊರಿನ ತನಕ ಹೋಗುತ್ತದೆ. ಜೀಪು ಹೊರಡುವ ಬೇಸಿಸಹರ್ ಎಂಟುನೂರು ಮೀಟರ್‌ನ ಆಸುಪಾಸು, ಮನಾಂಗ್ ಸುಮಾರು 3500. ರಜೆ ಕಡಿಮೆ ಇದೆ ಅಂತ ಜೀಪಿನಲ್ಲಿ ಸರ್ರನೆ ಮೇಲೆ ಬಂದವರು ತುಂಬಾ ಜನ ಇಲ್ಲೇ ತಲೆ ಹಿಡಿದುಕೊಂಡು ಕೂರುತ್ತಾರೆ. ಜೀಪು ಹತ್ತಲೇಬೇಕಿದ್ದರೆ ಸುಮಾರು 2700 ಮೀಟರ್‌ನಲ್ಲಿರುವ ಚಾಮೆಯ ತನಕ ಹತ್ತಿ, ಅಲ್ಲಿಂದ ನಡೆಯಿರಿ.

3000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಊರಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ಮನಾಂಗ್‌ನಲ್ಲಿ ಎರಡು ರಾತ್ರಿ ಉಳಿಯುವುದು ಅದಕ್ಕೇ. ನಡುವಿನ ದಿನ ರೂಮಲ್ಲಿ ಮಲಗಿ ಕಳೆಯಬೇಡಿ. ಹತ್ತಿರದ ಗುಡ್ಡ ಹತ್ತಿ, ಸ್ವಲ್ಪ ಹೊತ್ತು ಅಲ್ಲಿದ್ದು, ಕೆಳಗೆ ಬಂದು ಮಲಗಿ.

ಮನಾಂಗ್‌ನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಚಿಕಿತ್ಸಾ ಕೇಂದ್ರವಿದೆ. ಸೀಸನ್‌ನಲ್ಲಿ ಡಾಕ್ಟರುಗಳು ಎತ್ತರದ ಕಾಯಿಲೆ ಬಗ್ಗೆ ಪಾಠದ ಹಾಗೆ ಮಾತಾಡುತ್ತಾರೆ. ಕೇಳಲೇಬೇಕು. ಯೂಟ್ಯೂಬ್‌ನಲ್ಲಿ ನೋಡಿದ್ದೇನೆ ಅಂತ ತಪ್ಪಿಸಿಕೊಳ್ಳಬೇಡಿ. ಅಲ್ಲಿ ನಿಮ್ಮದೇ ತಲೆನೋವಿನ ಬಗ್ಗೆ ನೇರವಾಗಿ ಕೇಳಬಹುದು.

ಮಾತ್ರೆ ವಿಷಯ. ಅಸೆಟಜೋಲಮೈಡ್, ಅಂದರೆ ಎಲ್ಲರೂ ಡೈಮಾಕ್ಸ್ ಅನ್ನುವ ಮಾತ್ರೆ. ಕಾಯಿಲೆ ಬಾರದಂತೆ ತೆಗೆದುಕೊಳ್ಳುವುದಾದರೆ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ 125 ಮಿಲಿಗ್ರಾಂ. ಸಲ್ಫಾ ಅಲರ್ಜಿ ಇದ್ದವರು ಮೊದಲೇ ಹೇಳಬೇಕು, ಹಾಗಾಗಿ ಊರಲ್ಲೇ ಡಾಕ್ಟರನ್ನು ಕೇಳಿ. ಬೆರಳ ತುದಿ ಜುಮ್ಮೆನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಗಾಬರಿ ಬೇಡ. ಆದರೆ ಮಾತ್ರೆ ನುಂಗಿದ್ದೇನೆ ಅಂತ ಎರಡು ದಿನದ ಏರನ್ನು ಒಂದೇ ದಿನ ಮಾಡಿದರೆ ಮಾತ್ರೆ ಕಾಪಾಡುವುದಿಲ್ಲ. ಇನ್ನು ಬೆಳ್ಳುಳ್ಳಿ ಸೂಪು. ದಾರಿಯುದ್ದಕ್ಕೂ ಟೀ ಹೌಸ್‌ಗಳಲ್ಲಿ ಸಿಗುತ್ತದೆ, ಎತ್ತರಕ್ಕೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಚಳಿಗೆ ಬಿಸಿಬಿಸಿಯಾಗಿ ಕುಡಿಯಲು ಸೊಗಸು. ಅದನ್ನೇ ಔಷಧಿ ಅಂತ ಮಾತ್ರ ನಂಬಬೇಡಿ.

ಫೇದಿಯೋ, ಹೈ ಕ್ಯಾಂಪೋ?

ಮನಾಂಗ್ ಆದ ಮೇಲೆ ಯಾಕ್ ಖರ್ಕಾ, ಅದು 4000 ಮೀಟರ್ ಚಿಲ್ಲರೆ. ಮರುದಿನ ಥೊರೊಂಗ್ ಫೇದಿ. ಯಾಕ್ ಖರ್ಕಾದಿಂದ ಫೇದಿಗೆ ಬರುವ ದಾರಿಯಲ್ಲಿ ಕಲ್ಲು ಉರುಳುವ ಜಾಗಗಳಿವೆ. ಅಲ್ಲಿ ಫೋಟೊಗೆ ನಿಲ್ಲಬೇಡಿ, ಬೇಗ ದಾಟಿ.

ಫೇದಿಯ ಮೇಲೆ ಸುಮಾರು 4900 ಮೀಟರ್‌ನಲ್ಲಿ ಹೈ ಕ್ಯಾಂಪ್ ಇದೆ. ಅಲ್ಲಿ ಮಲಗಿದರೆ ಮರುದಿನದ ಏರಿನಲ್ಲಿ 400 ಮೀಟರ್ ಕಡಿಮೆಯಾಗುತ್ತದೆ, ಒಂದು ಗಂಟೆ ತಡವಾಗಿ ಎದ್ದರೂ ನಡೆಯುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಅಷ್ಟು ಎತ್ತರದಲ್ಲಿ ನಿದ್ದೆ ಬರುವುದು ಅಪರೂಪ, ಊಟ ಸೇರುವುದಿಲ್ಲ. ರಾತ್ರಿ ಏನಾದರೂ ಆದರೆ ಕತ್ತಲಲ್ಲಿ ಆ ಕಡಿದಾದ ಏರನ್ನು ಇಳಿಯಬೇಕು. ನನ್ನ ಮತ ಫೇದಿಗೆ. ಮಧ್ಯಾಹ್ನ ಫೇದಿ ಮುಟ್ಟಿ, ಊಟ ಮಾಡಿ, ಖಾಲಿ ಕೈಯಲ್ಲಿ ನಿಧಾನಕ್ಕೆ ಹೈ ಕ್ಯಾಂಪ್ ತನಕ ಹತ್ತಿ ವಾಪಸ್ ಬನ್ನಿ. ಬೆಳಗಿನ ಜಾವ ಕತ್ತಲಲ್ಲಿ ಹತ್ತುವ ದಾರಿ ಕಣ್ಣಿಗೆ ಪರಿಚಯವಾಗಿರುತ್ತದೆ, ಮೈಗೂ ಒಗ್ಗುತ್ತದೆ. ಮಂಡಿ ನೋವಿದ್ದವರು, ತುಂಬಾ ನಿಧಾನ ನಡೆಯುವವರು, ಅದೂ ಈವರೆಗೆ ತಲೆನೋವೇ ಬಾರದವರು ಬೇಕಿದ್ದರೆ ಹೈ ಕ್ಯಾಂಪ್‌ನಲ್ಲಿ ಮಲಗಲಿ.

ಹಿಂದಿನ ಸಂಜೆ

ಆರೂವರೆಗೆ ಊಟ, ಎಂಟಕ್ಕೆ ಹಾಸಿಗೆ. ಈ ನಡುವೆ ಮುಗಿಸಬೇಕಾದ ಕೆಲಸಗಳಿವೆ.

ಮೊದಲು ಕಾಲಿನ ಉಗುರು ನೋಡಿ. ಎರಡು ದಿನ ಮೊದಲೇ ಕತ್ತರಿಸಿರಬೇಕು. ಉದ್ದ ಉಗುರು 1600 ಮೀಟರ್ ಇಳಿಯುವಾಗ ಶೂ ತುದಿಗೆ ಹೊಡೆದು ಹೊಡೆದು ಕಪ್ಪಾಗುತ್ತದೆ, ಕೆಲವರದ್ದು ಬಿದ್ದೇ ಹೋಗುತ್ತದೆ.

ಬಟ್ಟೆಯನ್ನು ಹಾಕಿಕೊಳ್ಳುವ ಕ್ರಮದಲ್ಲೇ ಜೋಡಿಸಿಡಿ. ಒಳಗೆ ಥರ್ಮಲ್, ಅದರ ಮೇಲೆ ಫ್ಲೀಸ್, ಅದರ ಮೇಲೆ ಡೌನ್ ಜಾಕೆಟ್, ಎಲ್ಲಕ್ಕೂ ಮೇಲೆ ಗಾಳಿ ತಡೆಯುವ ಜಾಕೆಟ್. ಕೈಗೆ ತೆಳು ಗ್ಲೌಸ್, ಅದರ ಮೇಲೆ ದಪ್ಪದ್ದು. ನಮ್ಮ ಮಂಗನ ಟೋಪಿಯನ್ನು ಯಾರೂ ಮೀರಿಸಿಲ್ಲ, ನಾಚಿಕೆ ಬೇಡ. ಅಕ್ಟೋಬರ್‌ನಲ್ಲೂ ಸೂರ್ಯ ಹುಟ್ಟುವ ಮೊದಲು ಮೈನಸ್ ಹತ್ತು ಡಿಗ್ರಿ ಸಾಮಾನ್ಯ, ಗಾಳಿ ಸೇರಿದರೆ ಇನ್ನೂ ಚಳಿ.

ನೀರು ಎರಡು ಲೀಟರ್. ಪೈಪಿರುವ ನೀರಿನ ಚೀಲ ನೆಚ್ಚಬೇಡಿ, ಪೈಪಿನೊಳಗೆ ನೀರು ಹೆಪ್ಪುಗಟ್ಟುತ್ತದೆ. ಒಂದು ಫ್ಲಾಸ್ಕ್‌ನಲ್ಲಿ ಬಿಸಿನೀರು, ಇನ್ನೊಂದು ಬಾಟಲಿಯನ್ನು ಕಾಲುಚೀಲದಲ್ಲಿ ಸುತ್ತಿ ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಹಾಗಾಗಿ ಮುಚ್ಚಳದ ಕಡೆ ತೆರೆದೇ ಇರುತ್ತದೆ. ಫೋನ್, ಪವರ್ ಬ್ಯಾಂಕ್, ಹೆಡ್‌ಲ್ಯಾಂಪ್ ಬ್ಯಾಟರಿ ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೆ ನಿಮ್ಮ ಜೊತೆ ಮಲಗಬೇಕು.

ತಿಂಡಿಯನ್ನು ಜಾಕೆಟ್ ಜೇಬಿನಲ್ಲೇ ಇಡಿ. ಬ್ಯಾಗ್ ಇಳಿಸಿ, ಜಿಪ್ ತೆಗೆದು ತಿನ್ನುವ ಉತ್ಸಾಹ ಅಲ್ಲಿ ಯಾರಿಗೂ ಇರುವುದಿಲ್ಲ. ಚಾಕೊಲೇಟ್ ಬಾರ್ ಕಲ್ಲಾಗಿ ಹಲ್ಲಿಗೆ ಕೆಲಸ ಕೊಡುತ್ತದೆ. ಕಡಲೆ ಚಿಕ್ಕಿಯನ್ನು ಮೊದಲೇ ಚಿಕ್ಕ ಚಿಕ್ಕದಾಗಿ ಮುರಿದಿಟ್ಟುಕೊಳ್ಳಿ. ಖರ್ಜೂರ, ಬೆಲ್ಲ, ಒಣಕೊಬ್ಬರಿ ಒಳ್ಳೆಯದು. ದಾಲ್ ಭಾತ್ ತಿಂದು ತಿಂದು ನಾಲಿಗೆ ಸತ್ತವರಿಗೆ ಊರಿಂದ ತಂದ ಚಟ್ನಿಪುಡಿ ಹಿಂದಿನ ರಾತ್ರಿಯ ಊಟವನ್ನು ಒಳಗೆ ಇಳಿಸುತ್ತದೆ. ಆ ಊಟ ಇಳಿಯುವುದು ಮುಖ್ಯ.

ಹೆಣ್ಣುಮಕ್ಕಳಿಗೆ ಒಂದು ಮಾತು. ಎತ್ತರ, ಚಳಿ, ಸುಸ್ತಿನಲ್ಲಿ ಮುಟ್ಟಿನ ದಿನ ಹಿಂದೆ ಮುಂದೆ ಆಗಬಹುದು. ಲೆಕ್ಕದ ಪ್ರಕಾರ ಇನ್ನೂ ದಿನವಿದ್ದರೂ ಪ್ಯಾಡ್ ಕೈಗೆಟುಕುವಲ್ಲಿ ಇರಲಿ. ಹೈ ಕ್ಯಾಂಪ್ ಬಿಟ್ಟ ಮೇಲೆ ಮರೆಯೂ ಕಡಿಮೆ.

ಪೋರ್ಟರ್ ಜೊತೆಗಿದ್ದರೆ ಅವರ ಗ್ಲೌಸ್, ಶೂ, ಕಪ್ಪು ಕನ್ನಡಕ ಸರಿಯಿದೆಯೇ ಅಂತ ಈ ಸಂಜೆಯೇ ಕೇಳಿ. ನಿಮ್ಮ ಚೀಲ ಹೊತ್ತವರು ಬರಿ ಕೈಯಲ್ಲಿ ಆ ಗಾಳಿಗೆ ಹೋಗಬಾರದು.

ರಾತ್ರಿ ಮಲಗಿದಾಗ ಉಸಿರು ಏರಿ ಏರಿ, ಕೆಲವು ಕ್ಷಣ ನಿಂತು, ಮತ್ತೆ ಜೋರಾಗಿ ಶುರುವಾಗುತ್ತದೆ. ಪಕ್ಕದಲ್ಲಿ ಮಲಗಿದವರಿಗೆ ಭಯವಾಗುತ್ತದೆ. ಈ ಎತ್ತರದಲ್ಲಿ ಇದು ಮಾಮೂಲು. ನಿದ್ದೆ ಮಾತ್ರೆ, ಮದ್ಯ ಎರಡೂ ಬೇಡ.

ಹೊರಡಬೇಕೋ ಬೇಡವೋ

ಇದನ್ನು ಎದ್ದ ತಕ್ಷಣ ತೀರ್ಮಾನಿಸಿ. ತುದಿ ಹತ್ತಿರ ಬಂದ ಮೇಲೆ ಯಾರೂ ಸರಿಯಾಗಿ ತೀರ್ಮಾನ ಮಾಡುವುದಿಲ್ಲ.

ಸಣ್ಣ ತಲೆನೋವು, ನೀರು ಕುಡಿದು ಪ್ಯಾರಾಸಿಟಮಾಲ್ ತೆಗೆದುಕೊಂಡರೆ ಹೋಯಿತು, ಹಸಿವೂ ಇದೆ: ಹೊರಡಬಹುದು. ಮಾತ್ರೆಗೂ ಜಗ್ಗದ ತಲೆನೋವು, ವಾಂತಿ, ಎದ್ದು ನಿಂತರೆ ತಲೆಸುತ್ತು: ಆ ದಿನ ಮೇಲೆ ಹೋಗುವಂತಿಲ್ಲ. ಅಲ್ಲೇ ಉಳಿಯಿರಿ, ಜಾಸ್ತಿಯಾದರೆ ಇಳಿಯಿರಿ. ನೆಲದ ಮೇಲೆ ಒಂದು ಗೆರೆ ನೋಡಿಕೊಂಡು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ಹತ್ತು ಹೆಜ್ಜೆ ನಡೆಯಿರಿ. ತೂರಾಡಿದರೆ ಮಿದುಳಿಗೆ ನೀರು ಸೇರುತ್ತಿರಬಹುದು. ಸುಮ್ಮನೆ ಕೂತಿದ್ದಾಗಲೂ ಏದುಸಿರು, ಕೆಮ್ಮು, ಎದೆಯಲ್ಲಿ ಗೊರಗೊರ ಇದ್ದರೆ ಶ್ವಾಸಕೋಶಕ್ಕೆ. ಎರಡರಲ್ಲೂ ಕಾಯುವ ಮಾತೇ ಇಲ್ಲ, ಕತ್ತಲಾದರೂ ಕೆಳಗೆ ಇಳಿಯಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಏನೇ ತೋರಿಸಲಿ, ಮೈ ಹೇಳಿದ್ದನ್ನು ಮೊದಲು ನಂಬಿ.

ಇಲ್ಲಿ ಜನ ಎಡವುವ ಒಂದು ಜಾಗವಿದೆ. "ಮುಕ್ತಿನಾಥ ಇದಕ್ಕಿಂತ ಕೆಳಗಿದೆ, ಹೇಗೂ ದಾಟಿಬಿಟ್ಟರೆ ಇಳಿದಂತೆಯೇ ಆಯಿತಲ್ಲ" ಅನ್ನುವ ಲೆಕ್ಕ. ಮುಕ್ತಿನಾಥಕ್ಕೆ ಇಳಿಯಲು ಮೊದಲು 5416ಕ್ಕೆ ಹತ್ತಬೇಕು. ಕಾಯಿಲೆ ಬಿದ್ದವರಿಗೆ ಆ ಏರೇ ಅಪಾಯ. ಪಾಸ್‌ನ ಈಚೆ ಹುಷಾರು ತಪ್ಪಿದರೆ ಮನಾಂಗ್ ಕಡೆ, ಪಾಸ್ ದಾಟಿದ ಮೇಲೆ ತಪ್ಪಿದರೆ ಮುಕ್ತಿನಾಥದ ಕಡೆ.

ಹವಾಮಾನ ಇನ್ನೊಂದು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಸೈಕ್ಲೋನ್ ವಿಶಾಖಪಟ್ಟಣಕ್ಕೆ ಬಡಿಯಿತು. ಎರಡು ದಿನದ ಬಳಿಕ ಅದರ ಉಳಿಕೆ ನೇಪಾಳ ಮುಟ್ಟಿ, ಅನ್ನಪೂರ್ಣ ಮತ್ತು ಧೌಲಾಗಿರಿ ಸೀಮೆಯಲ್ಲಿ ಭಾರಿ ಹಿಮ ಸುರಿಯಿತು. 40ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ತುಂಬಾ ಜನ ಥೊರೊಂಗ್ ಲಾ ಸುತ್ತಮುತ್ತ ಸಿಕ್ಕಿಬಿದ್ದವರು. ಹಾಗಾಗಿ ಅಕ್ಟೋಬರ್‌ನಲ್ಲಿ ಹೋಗುವವರು ಬಂಗಾಳ ಕೊಲ್ಲಿಯ ಸುದ್ದಿಯನ್ನೂ ನೋಡುತ್ತಿರಬೇಕು. ವಿಶಾಖಪಟ್ಟಣದ ಮಳೆಗೂ ಹಿಮಾಲಯಕ್ಕೂ ಏನು ಸಂಬಂಧ ಅನ್ನಿಸಬಹುದು, ಆದರೆ ಸಂಬಂಧ ಇದೆ. ಹಿಮ ಬೀಳುತ್ತಿದ್ದರೆ, ಮೇಲಿನ ದಾರಿ ಕಾಣದಿದ್ದರೆ ಫೇದಿಯಲ್ಲೇ ಇನ್ನೊಂದು ರಾತ್ರಿ. ಅದಕ್ಕಾಗಿ ವಾಪಸ್ ವಿಮಾನಕ್ಕೆ ಮೊದಲು ಎರಡು ದಿನ ಖಾಲಿ ಇಟ್ಟುಕೊಂಡು ಟಿಕೆಟ್ ಮಾಡಿಸಿ. ಸೋಮವಾರ ಆಫೀಸ್ ಅನ್ನುವ ಯೋಚನೆ ಫೇದಿಯಲ್ಲಿ ಜನರಿಂದ ಕೆಟ್ಟ ತೀರ್ಮಾನ ಮಾಡಿಸುತ್ತದೆ.

ಏರು

ಫೇದಿಯಿಂದ ನಾಲ್ಕರಿಂದ ಐದರೊಳಗೆ ಹೊರಡಿ. ಮೂರಕ್ಕೇ ಎಬ್ಬಿಸುವ ಗೈಡ್‌ಗಳಿದ್ದಾರೆ. ಅಷ್ಟು ಬೇಗ ಹೋದರೆ ಚಳಿಯಲ್ಲಿ ಜಾಸ್ತಿ ಹೊತ್ತು ಇರಬೇಕಾಗುತ್ತದೆ ಅಷ್ಟೇ. ತಡ ಮಾಡಬಾರದು ಅನ್ನುವುದಕ್ಕೆ ಕಾರಣ ಗಾಳಿ. ಬಿಸಿಲೇರಿದಂತೆ, ಒಂಬತ್ತು ಹತ್ತರ ಮೇಲೆ, ಪಾಸ್‌ನಲ್ಲಿ ಗಾಳಿ ಜೋರಾಗುತ್ತದೆ.

ಮೊದಲ ಒಂದೂವರೆ ಗಂಟೆ, ಹೈ ಕ್ಯಾಂಪ್ ತನಕ, ದಿನದ ಅತಿ ಕಡಿದಾದ ಏರು. ಇಲ್ಲಿ ಹುರುಪು ತೋರಿಸಬೇಡಿ. ಗೈಡ್ "ಬಿಸ್ತಾರೈ, ಬಿಸ್ತಾರೈ" ಅನ್ನುತ್ತಲೇ ಇರುತ್ತಾರೆ, ನಿಧಾನ ಅಂತ. ಎಷ್ಟು ನಿಧಾನ ಅಂದರೆ ಮೂಗಿನಲ್ಲೇ ಉಸಿರಾಡಲು ಆಗಬೇಕು. ಹಿಂದಿನ ಕಾಲನ್ನು ನೆಟ್ಟಗೆ ಮಾಡಿ, ಭಾರವನ್ನು ಒಂದು ಕ್ಷಣ ಮೂಳೆಯ ಮೇಲೆ ಬಿಟ್ಟು, ಆಮೇಲೆ ಮುಂದಿನ ಹೆಜ್ಜೆ. ಹೀಗೆ ನಡೆದರೆ ತೊಡೆಗೆ ಪ್ರತಿ ಹೆಜ್ಜೆಗೂ ಚೂರು ಬಿಡುವು. ಆ ಬಿಡುವನ್ನು ಮಧ್ಯಾಹ್ನಕ್ಕೆ ಉಳಿಸುತ್ತಿದ್ದೀರಿ ಅಂದುಕೊಳ್ಳಿ.

ಹೈ ಕ್ಯಾಂಪ್‌ನಲ್ಲಿ ಬಿಸಿ ಏನಾದರೂ ಕುಡಿಯಿರಿ. ಹತ್ತು ನಿಮಿಷ ಸಾಕು, ಬೆವರು ಆರಿದರೆ ನಡುಕ ಶುರುವಾಗುತ್ತದೆ. ಅಲ್ಲಿಂದ ಮುಂದೆ ಕಡಿದು ಕಡಿಮೆ, ಉದ್ದ ಜಾಸ್ತಿ. ದಾರಿಗುಂಟ ನೆಟ್ಟ ಕಂಬಗಳಿವೆ, ಹಿಮದಲ್ಲಿ ಅವೇ ದಾರಿ. ಬೆಟ್ಟದ ಪಕ್ಕೆಯಲ್ಲಿ ಓರೆಯಾಗಿ ಸಾಗುವ ಕಡೆ ಹಿಮ ಗಟ್ಟಿಯಾಗಿದ್ದರೆ ಶೂಗೆ ಮೈಕ್ರೋಸ್ಪೈಕ್ಸ್ (ಜಾರದಂತೆ ತಡೆಯುವ ಪುಟ್ಟ ಲೋಹದ ಮುಳ್ಳುಗಳು) ಹಾಕಿ. ಜಾರಿದ ಮೇಲೆ ಹಾಕಿಕೊಳ್ಳಲು ಆಗುವುದಿಲ್ಲ.

ಆಮೇಲೆ ಶುರುವಾಗುತ್ತದೆ ದಿಬ್ಬಗಳ ಮೋಸ. ಇದೇ ತುದಿ ಅಂದುಕೊಂಡು ಹತ್ತಿದರೆ ಮುಂದೆ ಇನ್ನೊಂದು. ಅದನ್ನು ಹತ್ತಿದರೆ ಮತ್ತೊಂದು. ಇಲ್ಲಿ ಮೇಲೆ ನೋಡುವುದನ್ನೇ ಬಿಟ್ಟುಬಿಡಿ. ಗಡಿಯಾರ ನೋಡಿ ನಡೆಯಿರಿ. ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ನೀರು, ಒಂದು ತುಂಡು ಚಿಕ್ಕಿ, ಎರಡು ನಿಮಿಷ ನಿಂತು ಸುಧಾರಿಸಿಕೊಳ್ಳುವುದು. ಬಾಯಾರಿಕೆ ಆಗಲಿ ಬಿಡಲಿ. 5000 ಮೀಟರ್ ಮೇಲೆ ಸಮುದ್ರಮಟ್ಟದ ಅರ್ಧದಷ್ಟೇ ಆಮ್ಲಜನಕ ಸಿಗುವುದು, ಹಾಗಾಗಿ ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲುವುದು ನಿಮ್ಮ ದೌರ್ಬಲ್ಯವಲ್ಲ.

ಕುದುರೆಯವರು ಸಿಗುತ್ತಾರೆ, ಪಾಸ್ ತನಕ ಹತ್ತಿಸುತ್ತೇವೆ ಅನ್ನುತ್ತಾರೆ. ಬರೀ ಸುಸ್ತಾದವರು ಹತ್ತಿದರೆ ತಪ್ಪೇನಿಲ್ಲ. ಎತ್ತರದ ಕಾಯಿಲೆ ಬಂದವರನ್ನು ಕುದುರೆ ಮೇಲೆ ಕೂರಿಸಿ ಮೇಲಕ್ಕೆ ಕಳಿಸುವುದು ಮಾತ್ರ ದೊಡ್ಡ ತಪ್ಪು.

ನಾನಿಟ್ಟುಕೊಳ್ಳುವ ಗಡಿ ಹನ್ನೊಂದು ಗಂಟೆ. ಅಷ್ಟರಲ್ಲಿ ತುದಿ ಮುಟ್ಟುವ ಲಕ್ಷಣವಿಲ್ಲದಿದ್ದರೆ ಹೈ ಕ್ಯಾಂಪ್‌ಗೆ ವಾಪಸ್. ತಡವಾಗಿ ತುದಿ ಮುಟ್ಟಿದವರು ಕತ್ತಲಲ್ಲಿ, ಸೋತ ಕಾಲಿನಲ್ಲಿ ಇಳಿಯಬೇಕಾಗುತ್ತದೆ.

ತುದಿಯಲ್ಲಿ ಹದಿನೈದು ನಿಮಿಷ

ಬಾವುಟ, ಬೋರ್ಡು, ಫೋಟೊ. ಸೀಸನ್‌ನಲ್ಲಿ ಪುಟ್ಟ ಚಹಾ ಅಂಗಡಿ ಇರುತ್ತದೆ, ಆದರೆ ಅದನ್ನೇ ನಂಬಿ ನೀರು ಖಾಲಿ ಮಾಡಿಕೊಂಡು ಬರಬೇಡಿ. ಉಳಿದ ಸಮಯ ಇಳಿಯುವ ತಯಾರಿಗೆ. ಶೂ ಲೇಸ್ ಬಿಚ್ಚಿ, ಹಿಮ್ಮಡಿಯನ್ನು ಶೂ ಹಿಂಭಾಗಕ್ಕೆ ಒತ್ತಿಕೊಂಡು, ಕಣಕಾಲಿನ ಹತ್ತಿರ ಬಿಗಿಯಾಗಿ ಮತ್ತೆ ಕಟ್ಟಿ. ಪಾದ ಮುಂದೆ ಜಾರಬಾರದು, ಅಷ್ಟೇ ಉದ್ದೇಶ. ಟ್ರೆಕಿಂಗ್ ಕೋಲುಗಳನ್ನು ಐದರಿಂದ ಹತ್ತು ಸೆಂಟಿಮೀಟರ್ ಉದ್ದ ಮಾಡಿ. ಸನ್‌ಸ್ಕ್ರೀನ್ ಇನ್ನೊಮ್ಮೆ ಹಚ್ಚಿ, ಮೂಗಿನ ಕೆಳಗೂ. ಹಿಮದಿಂದ ಚಿಮ್ಮುವ ಬಿಸಿಲು ಅಲ್ಲೂ ಸುಡುತ್ತದೆ. ಕನ್ನಡಕ ತೆಗೆಯಬೇಡಿ.

ಇಳಿತ

ಪಾಸ್‌ನ ಆಚೆ ಮುಸ್ತಾಂಗ್‌ನ ಒಣ ಕಂದು ಬೆಟ್ಟಗಳು. ದೂರದಲ್ಲಿ 8167 ಮೀಟರ್‌ನ ಧೌಲಾಗಿರಿ. ನೋಡಬೇಕಾದ್ದೇ, ಆದರೆ ನಿಂತು ನೋಡಿ. ನಡೆಯುತ್ತಾ ನೋಡುವ ದಾರಿ ಇದಲ್ಲ.

ಮೊದಲ ಭಾಗಕ್ಕೆ ಬೆಳಗಿನ ಬಿಸಿಲು ತಡವಾಗಿ ಬರುತ್ತದೆ, ಹಿಮ ಗಾಜಿನಂತಿರುತ್ತದೆ. ಸ್ಪೈಕ್ಸ್ ಹತ್ತುವುದಕ್ಕಿಂತ ಇಲ್ಲಿ ಜಾಸ್ತಿ ಬೇಕು. ಹಿಮ ಮುಗಿದ ಮೇಲೆ ಪುಡಿಕಲ್ಲು. ಮಂಡಿಯನ್ನು ಸ್ವಲ್ಪ ಬಗ್ಗಿಸಿಯೇ ಇಟ್ಟುಕೊಂಡು ಪುಟ್ಟ ಪುಟ್ಟ ಹೆಜ್ಜೆ ಹಾಕಿ. ಹೆದರಿ ಹಿಂದಕ್ಕೆ ವಾಲಿದರೆ ಕಾಲು ಮುಂದಕ್ಕೆ ಹಾರುತ್ತದೆ, ಹಿಂಭಾಗದ ಮೇಲೆ ಬೀಳುತ್ತೀರಿ. ಮೈ ಚೂರು ಮುಂದಕ್ಕೇ ಇರಲಿ. ಕೋಲನ್ನು ಮೊದಲು ಊರಿ, ಆಮೇಲೆ ಕಾಲಿಡಿ. ತೀರಾ ಕಡಿದಾದ ಕಡೆ ಓರೆಯಾಗಿ ಇಳಿಯಿರಿ. ಅಡ್ಡದಾರಿ ಹಿಡಿದು ಓಡಿ ಇಳಿಯುವ ಹುಡುಗರು ನಿಮ್ಮನ್ನು ದಾಟಿ ಹೋಗುತ್ತಾರೆ. ಹೋಗಲಿ ಬಿಡಿ.

ಪಾದದಲ್ಲಿ ಎಲ್ಲಾದರೂ ಬಿಸಿ ಅನ್ನಿಸಿದರೆ ತಕ್ಷಣ ನಿಂತು ಟೇಪ್ ಹಾಕಿ. ಬೊಬ್ಬೆ ಏಳುವ ಮೊದಲ ಸೂಚನೆ ಅದು. ಮುಂದಿನ ಚಹಾ ಅಂಗಡಿಯಲ್ಲಿ ನೋಡೋಣ ಅಂದುಕೊಂಡರೆ ಅಲ್ಲಿಗೆ ಹೋಗುವಷ್ಟರಲ್ಲಿ ಬೊಬ್ಬೆ ಒಡೆದಿರುತ್ತದೆ.

ಎರಡರಿಂದ ಮೂರು ಗಂಟೆ ಇಳಿದ ಮೇಲೆ 4200 ಮೀಟರ್ ಆಸುಪಾಸಿನಲ್ಲಿ ಚರಬು ಅನ್ನುವ ಕಡೆ ಒಂದೆರಡು ಟೀ ಹೌಸ್ ಸಿಗುತ್ತವೆ. ಅಲ್ಲಿ ಕೂತು ಊಟ ಮಾಡಲೇಬೇಕು. ಹಸಿವಿಲ್ಲ ಅನ್ನಿಸುತ್ತದೆ, ಸೂಪು ಕುಡಿಯಲು ಶುರು ಮಾಡಿದರೆ ಹಸಿವು ತಾನೇ ಬರುತ್ತದೆ. ಎರಡನೇ ಬಾಟಲಿಗೆ ಓಆರ್‌ಎಸ್ ಹಾಕಿಕೊಳ್ಳಿ. ಕಾಲು ಮಾತು ಕೇಳುವುದಿಲ್ಲ ಅನ್ನಿಸಿದರೆ ಅಲ್ಲೇ ರಾತ್ರಿ ಉಳಿಯಬಹುದು. ಯಾರೂ ಉಳಿಯುವುದಿಲ್ಲ, ಮುಕ್ತಿನಾಥ ಕೆಳಗೆ ಕಾಣುತ್ತಿರುತ್ತದಲ್ಲ! ಆದರೆ ಆ ಕೊನೆಯ ತುಂಡಿನಲ್ಲಿ ದಾರಿ ಸಲೀಸಾಗಿರುತ್ತದೆ, ಮನಸ್ಸು ಸಡಿಲವಾಗಿರುತ್ತದೆ. ಕಾಲು ಉಳುಕುವುದು ಇಲ್ಲೇ. ಇಬ್ಬರಿದ್ದರೆ ಇಬ್ಬರೂ ಒಟ್ಟಿಗೇ ಇರಿ.

ಮುಕ್ತಿನಾಥ ಮುಟ್ಟಿದ ಮೇಲೆ

ಉಳಿಯುವ ಲಾಡ್ಜ್‌ಗಳೆಲ್ಲ ದೇವಸ್ಥಾನದ ಕೆಳಗಿನ ರಾಣಿಪೌವಾದಲ್ಲಿವೆ. ಪೋಖರಾ ಕಡೆಯಿಂದ ಜೀಪಿನಲ್ಲಿ ಬಂದ ಯಾತ್ರಿಕರೂ ಅಲ್ಲಿರುತ್ತಾರೆ. ಕನ್ನಡದ ಮಾತು ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಡಿ. ನಮ್ಮ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ಬಂದದ್ದು ಈ ಕೆಳಗಿನ ಕಾಳಿ ಗಂಡಕಿ ನದಿಯಿಂದಲೇ. ದೇವಸ್ಥಾನದ 108 ಧಾರೆಗಳ ಕೆಳಗೆ ಓಡುತ್ತಾ ಸ್ನಾನ ಮಾಡುವುದು ರೂಢಿ. ನೀರು ಮಂಜುಗಡ್ಡೆಯಷ್ಟು ತಣ್ಣಗಿರುತ್ತದೆ. ಪಾಸ್ ಇಳಿದ ಸಂಜೆ, ದಣಿದ ಮೈಯಲ್ಲಿ ಅದು ಬೇಡ. ಮರುದಿನ ಬಿಸಿಲು ಬಂದ ಮೇಲೆ ಮಾಡಿ, ಒಣ ಬಟ್ಟೆಯನ್ನು ಪಕ್ಕದಲ್ಲೇ ಇಟ್ಟುಕೊಂಡು.

ಸಂಜೆಯ ಕೆಲಸ ಇಷ್ಟು: ಒದ್ದೆ ಕಾಲುಚೀಲ ತೆಗೆದು ಒಣಗಿದ್ದು ಹಾಕಿ, ಪಾದ ತೊಳೆದು ನೋಡಿಕೊಳ್ಳಿ, ಊಟದ ನಂತರ ಹತ್ತು ನಿಮಿಷ ಸುಮ್ನೆ ಓಡಾಡಿ, ಮನೆಗೆ ಫೋನ್ ಮಾಡಿ. ಮಂಡಿ ಊದಿದ್ದರೆ ಮರುದಿನ ಜೊಮ್‌ಸೊಮ್ ತನಕ ನಡೆಯುವ ಹಟ ಬೇಡ. ರಾಣಿಪೌವಾದಿಂದ ಜೀಪು, ಬಸ್ಸು ಸಿಗುತ್ತದೆ. ಜೊಮ್‌ಸೊಮ್‌ನಿಂದ ಪೋಖರಾಕ್ಕೆ ಹಾರುವ ಪುಟ್ಟ ವಿಮಾನಗಳು ಬೆಳಿಗ್ಗೆಯಷ್ಟೇ. ಹೊತ್ತೇರಿದರೆ ಕಾಳಿ ಗಂಡಕಿ ಕಣಿವೆಯ ಗಾಳಿ ಹಾರಲು ಬಿಡುವುದಿಲ್ಲ. ವಿಮಾನದ ಟಿಕೆಟ್ ಇದ್ದವರು ಹಿಂದಿನ ಸಂಜೆಯೇ ಜೊಮ್‌ಸೊಮ್ ಸೇರಿಕೊಳ್ಳಿ.